ಹದಿನೇಳೂವರೆ ಇಂಚು

ಮನೆಯಿಂದ,
ನವೆಂಬರ್ 26, ಭಾನುವಾರ ಸಂಜೆ

ನನ್ನ ಮೇಲೆ ಸಿಟ್ಟಾಗಿರುವ ನನ್ನವರಿಗೆ ಪ್ರೀತಿಯಿಂದ,

ಹೇಗಿದ್ದೀರಿ? ಮಂಡಿನೋವು ಹೇಗಿದೆ? ಸೇತುವೆಯ ಕೆಲಸದಲ್ಲಿ ದಿನಕ್ಕೆ ನಾಲ್ಕು ಸಲ ಕ್ರೇನಿನ ಏಣಿ ಹತ್ತಿ ಇಳಿಯುವವರು ನೀವು, ಮಂಡಿಗೆ ಎಣ್ಣೆ ಹಚ್ಚಿಕೊಳ್ಳದೆಯೇ ಮಲಗುತ್ತೀರಿ ಎಂದು ನನಗೆ ಗೊತ್ತು. ಕ್ರೇನಿನ ಕೀಲುಗಳಿಗೆ ಮಾತ್ರ ತಪ್ಪದೆ ಗ್ರೀಸು ಹಾಕಿರುತ್ತೀರಿ. ಅತ್ತೆ ಚೆನ್ನಾಗಿದ್ದಾರೆ. ಕಿವಿ ಸ್ವಲ್ಪ ಮಂದವಾಗಿದೆ, ಆದರೆ ನಾನು ಗೊಣಗಿದ್ದು ಮಾತ್ರ ಪಕ್ಕದ ಕೋಣೆಯಿಂದಲೂ ಸ್ಪಷ್ಟವಾಗಿ ಕೇಳಿಸುತ್ತದೆ. ನನ್ನ ಆರೋಗ್ಯ ಹೇಗಿದೆ ಎಂದು ನೀವು ಹೋದ ಕಾಗದದಲ್ಲಿ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಶಾಲೆಯ ಸಮವಸ್ತ್ರಗಳ ಹೊಲಿಗೆ ಮುಗಿಯಿತು, ಬೆನ್ನು ಹಿಡಿದುಕೊಂಡಿದೆ, ಉಳಿದಂತೆ ಗುಂಡುಕಲ್ಲಿನ ಹಾಗೆ ಇದ್ದೇನೆ.

ಈ ಕಾಗದಕ್ಕಿಂತ ಮೊದಲು ನನ್ನ ಇನ್ನೊಂದು ಕಾಗದ ನಿಮ್ಮ ಕೈ ಸೇರಿರುತ್ತದೆ. ಅದರಲ್ಲಿದ್ದದ್ದು ಒಂದೇ ಸಾಲು. "ಇನ್ನೆರಡು ವರ್ಷ ಅಲ್ಲೇ ಇರಿ, ಇಲ್ಲಿ ಯಾರಿಗೂ ಅವಸರವಿಲ್ಲ." ಕಂಪನಿಯವರು ಇನ್ನೆರಡು ವರ್ಷದ ಕರಾರಿಗೆ ಈ ತಿಂಗಳ ಮೂವತ್ತರೊಳಗೆ ಸಹಿ ಕೇಳುತ್ತಿದ್ದಾರೆ, ಇರಲೋ ಬರಲೋ ನೀನೇ ಹೇಳು ಎಂದು ನೀವು ಎರಡು ಪುಟ ಬರೆದಿದ್ದಿರಿ. ಅದಕ್ಕೆ ನಾನು ಕೊಟ್ಟ ಉತ್ತರ ಅಷ್ಟೇ. ಕ್ಷೇಮ ವಿಚಾರಿಸಲಿಲ್ಲ, ನನ್ನ ಹೆಸರನ್ನೂ ನೆಟ್ಟಗೆ ಬರೆಯಲಿಲ್ಲ. ನೀವಿರುವ ಕಡೆ ಫೋನು ಸಿಗುವಂತಿದ್ದರೆ ಅದರಲ್ಲೇ ಜಗಳ ಆಡಿ ಮುಗಿಸಿಬಿಡುತ್ತಿದ್ದೆ. ಸಿಗುವುದಿಲ್ಲವಾದ್ದರಿಂದ, ಯಾಕೆ ಹಾಗೆ ಬರೆದೆ ಎಂದು ಮೊದಲಿಂದ ಹೇಳಲು ಕೂತಿದ್ದೇನೆ. ಓದುವವರೆಗೆ ತಾಳ್ಮೆ ಇರಲಿ.

ಮೊದಲ ಸಿಟ್ಟು ನಿಮ್ಮ ಪಿಕಪ್ಪಿನ ಮೇಲೆ. ಗುಜರಿಯವನ ಹಿತ್ತಲಿನಿಂದ ಹಗ್ಗ ಕಟ್ಟಿ ಎಳೆದು ತಂದ ಆ ತುಕ್ಕಿನ ರಾಶಿಗೆ ಶೆಡ್ಡು ಕಟ್ಟಿಸಿ 'ಬಂಗಾರಿ' ಎಂದು ಹೆಸರಿಟ್ಟಿರಿ. ಹನ್ನೆರಡು ವರ್ಷ ಸಂಸಾರ ಮಾಡಿದ ನಾನು ಮಾತ್ರ ಇವತ್ತಿಗೂ 'ಏನೇ', 'ಇವಳೇ'. ನೀವು ಸೆಪ್ಟೆಂಬರಿನಲ್ಲಿ ಬರೆದ ಕಾಗದವನ್ನು ಎಣಿಸಿ ನೋಡಿದೆ. ಬಂಗಾರಿಯ ರೇಡಿಯೇಟರಿಗೆ ಹನ್ನೊಂದು ಸಾಲು, ನನಗೆ 'ನೀನೂ ಹುಷಾರು' ಎಂದು ಒಂದು ಸಾಲು. ಅದೂ ಹಾಳೆಯಲ್ಲಿ ಜಾಗ ಉಳಿದಿತ್ತೆಂದು ಬರೆದಂತಿತ್ತು. ಕಬ್ಬಿಣದ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸು ಎಂದು ಅತ್ತೆ ನಕ್ಕರು. ನಗಲಿ, ಅವರ ಯಜಮಾನರು ಸೈಕಲ್ಲು ಬಿಟ್ಟು ಬೇರೇನನ್ನೂ ಒರೆಸಿದವರಲ್ಲ.

ಎಂಟು ತಿಂಗಳ ಹಿಂದೆ ನೀವು ಹೋದ ಮೇಲೂ ನಿಮ್ಮ ಭಾನುವಾರದ ಬಳಗ ಒಂದು ವಾರವೂ ತಪ್ಪಲಿಲ್ಲ ಎಂಬುದನ್ನು ಮಾತ್ರ ಒಪ್ಪಿಕೊಳ್ಳಬೇಕು. ಒಬ್ಬರ ಹಳೇ ಗಾಡಿಗೆ ಎಲ್ಲರೂ ಕೈಹಾಕುವುದು, ಅದು ಮುಗಿದ ಮೇಲೆ ಇನ್ನೊಬ್ಬರದು ಎಂಬ ನಿಮ್ಮ ಸರದಿಯಲ್ಲಿ ಈ ವರ್ಷ ಬಂಗಾರಿಯದಂತೆ. ಬೆಳಿಗ್ಗೆ ಎಂಟಕ್ಕೆಲ್ಲ ಬಸ್ ಡಿಪೋದಿಂದ ನಿವೃತ್ತರಾದ ಮೆಕ್ಯಾನಿಕ್ ತಾತ ಬಂದು ಬಾನೆಟ್ಟು ಎತ್ತುತ್ತಾರೆ. ಹಿಂದೆಯೇ ವೆಲ್ಡರು. ಕೊಳೆತ ನೆಲವನ್ನು ಕತ್ತರಿಸಿ ಹೊಸ ತಗಡು ಕೂರಿಸಿದ್ದು ಅವನೇ. ತಾತ ಇಂಜಿನ್ನನ್ನು ಬಿಚ್ಚಿ ಕಟ್ಟಿದರು, ಮುಂದಿನ ಚಕ್ರಗಳಿಗೆ ಹಳೇ ಬ್ರೇಕು ತೆಗೆದು ಡಿಸ್ಕ್ ಬ್ರೇಕು ಹಾಕಿದರು, ಅಪಘಾತವಾದ ಯಾವುದೋ ಕಾರಿನಿಂದ ಪವರ್ ಸ್ಟೇರಿಂಗಿನ ಪಂಪು ತಂದು ಜೋಡಿಸಿದರು. ಮುಖ ಊದಿಸಿಕೊಂಡೇ ಚಹಾ ಕೊಡುತ್ತಿದ್ದೆನಾದರೂ, ಸತ್ತೇ ಹೋಗಿದ್ದ ಗಾಡಿ ವಾರ ವಾರಕ್ಕೂ ಚೇತರಿಸಿಕೊಳ್ಳುವುದನ್ನು ನೋಡಿ ನನಗೂ ಖುಷಿಯಾಗುತ್ತಿತ್ತು. ಸುಳ್ಳು ಹೇಳುವುದಿಲ್ಲ.

ನನ್ನ ನಿಜವಾದ ಉರಿ ಬಳಗದ ಮೂರನೆಯವಳ ಮೇಲೆ. ಮನೆಮನೆಗೆ ಹೋಗಿ ವೈರಿಂಗ್ ಮಾಡುವ ನಿಮ್ಮ ಆ ಗೆಳತಿ. ನಾನು ಅವಳಿಗೆ 'ವೈರಿನವಳು' ಎಂದು ಹೆಸರಿಟ್ಟಿದ್ದೇನೆ. ಅವಳದೂ ಒಂದು ಹಳೇ ಪಿಕಪ್ಪಿದೆ, ಅವಳಿಗೂ ಒಬ್ಬ ಗಂಡನಿದ್ದಾನೆ, ಎಲ್ಲ ಸರಿ. ಆದರೆ ಬಾಯಿ ಬಿಟ್ಟರೆ ಅಣ್ಣ. ಅಣ್ಣ ಹಾರ್ನಿಗೆ ಹಳದಿ ವೈರೇ ಬೇಕು ಅಂದಿದ್ದರು, ಅಣ್ಣನಿಗೆ ಮೀಟರಿನ ದೀಪ ಕಣ್ಣಿಗೆ ಚುಚ್ಚಬಾರದು. ನನ್ನ ಗಂಡನಿಗೆ ಏನು ಚುಚ್ಚಬಾರದು ಎಂದು ಅವಳಿಂದ ಕೇಳಿ ತಿಳಿಯಬೇಕೆ? ಒಂದು ದಿನ ಟೇಪು ಸುತ್ತುತ್ತಾ, "ಅಣ್ಣ ಇದ್ದಿದ್ರೆ ನಕ್ಕೂ ನಕ್ಕೂ ಕೆಲಸಾನೇ ಆಗ್ತಿರಲಿಲ್ಲ ಅತ್ತಿಗೆ" ಎಂದಳು. ನೀವು ಅಷ್ಟು ನಗುತ್ತೀರಿ ಎಂಬುದು ನನಗೆ ಹೊಸ ಸುದ್ದಿ. ಮನೆಯೊಳಗೆ ನೀವು ನಕ್ಕಿದ್ದನ್ನು ನೆನಪು ಮಾಡಿಕೊಳ್ಳಲು ನಾನು ಒಂದಿಡೀ ಸಂಜೆ ಪ್ರಯತ್ನಪಟ್ಟೆ. ಸಾಲದ್ದಕ್ಕೆ ಅವಳು ನನ್ನಷ್ಟೇ ಕುಳ್ಳಿ. ಒಂದು ಭಾನುವಾರ ಅತ್ತೆ ಹಿಂದಿನಿಂದ ನೋಡಿ, ನಾನೇ ಎಂದುಕೊಂಡು, ಒಲೆ ಮೇಲೆ ಹಾಲಿಟ್ಟು ಇಲ್ಲೇನು ಮಾಡುತ್ತಿದ್ದೀಯ ಎಂದು ಅವಳನ್ನು ಬೈದರು. ಅವಳು ನಗುತ್ತಾ ಓಡಿಹೋಗಿ ಹಾಲು ಇಳಿಸಿ ಬಂದಳು.

ನೀವು ಹೋಗುವಾಗ ಕೆಲಸದ ಪಟ್ಟಿ ಕೊಟ್ಟಿದ್ದು ಅವಳ ಕೈಗೆ. ನನ್ನ ಕೈಗಲ್ಲ, ತಾತನ ಕೈಗೂ ಅಲ್ಲ. ಅದನ್ನು ತನ್ನ ಸಾಮಾನಿನ ಡಬ್ಬಿಯಲ್ಲಿ ಮಡಚಿಟ್ಟುಕೊಂಡು, ಯಾರಿಗೂ ತೋರಿಸದೆ, ಒಂದೊಂದೇ ಕೆಲಸ ಹೇಳುತ್ತಿದ್ದಳು. ನವೆಂಬರಿನ ಮೊದಲ ಭಾನುವಾರ ಅವಳು ಕೈ ತೊಳೆಯಲು ಹೋದಾಗ ಪಟ್ಟಿ ಮಡ್ಗಾರ್ಡಿನ ಮೇಲೆ ಉಳಿದಿತ್ತು. ಓದಿದೆ. ನಿಮ್ಮದೇ ಅಕ್ಷರ. ಸ್ಟೇರಿಂಗು ಹಗುರ ಆಗಬೇಕು. ಕ್ಲಚ್ಚು ಮೆತ್ತಗಿರಬೇಕು. ಕನ್ನಡಿ ಎರಡು ಇಂಚು ಕೆಳಗೆ. ಸೀಟು ಮುಂದಕ್ಕೆ, ಅಂಚಿನಿಂದ ಕ್ಲಚ್ಚಿಗೆ ಹದಿನೇಳೂವರೆ ಇಂಚು, ಕೂದಲೆಳೆಯಷ್ಟೂ ಹೆಚ್ಚಾಗಬಾರದು. ಕೆಳಗೆ ಗೀಟು ಎಳೆದು, ಮನೆಯಲ್ಲಿ ಹೇಳಬೇಡ.

ರೀ, ನೀವು ಆರಡಿ ಆಳು. ಹದಿನೇಳೂವರೆ ಇಂಚಿಗೆ ಸೀಟು ಕೂರಿಸಿದರೆ ನಿಮ್ಮ ಮಂಡಿ ಗಲ್ಲಕ್ಕೆ ತಾಗುತ್ತದೆ. ಹಳೇ ಗಾಡಿ, ಹಿಂದಕ್ಕೂ ಮುಂದಕ್ಕೂ ಜಾರುವ ಸೀಟಲ್ಲ, ಒಂದು ಸಲ ಕೂರಿಸಿದರೆ ಕೂರಿಸಿದ್ದೇ. ಹಾಗಿದ್ದರೆ ಆ ಸೀಟು ಯಾರಿಗೆ? ಕಣ್ಣೆದುರಿಗೇ ನಿಂತಿದ್ದಳಲ್ಲ, ಅಷ್ಟೇ ಎತ್ತರದವಳು, ಕೈ ಒರೆಸಿಕೊಳ್ಳುತ್ತಾ. ಅದು ನನಗಾಗಿ ಎಂದು ಯಾಕೆ ಹೊಳೆಯಲಿಲ್ಲ ಎಂದು ಕೇಳುತ್ತೀರಿ. ನೀವೇ ನೆನಪು ಮಾಡಿಕೊಳ್ಳಿ. ಬಂಗಾರಿ ಮೊದಲ ಸಲ ಸ್ಟಾರ್ಟ್ ಆದ ದಿನ ನಾನು ಆಸೆಯಿಂದ ಸ್ಟೇರಿಂಗಿನ ಮುಂದೆ ಹತ್ತಿ ಕೂತೆ. ಮದುವೆಗೆ ಮುಂಚೆ ಅಪ್ಪನ ಹಾಲಿನ ವ್ಯಾನು ಓಡಿಸಿದವಳು ನಾನು, ಲೈಸೆನ್ಸನ್ನು ಈಗಲೂ ತಪ್ಪದೆ ನವೀಕರಿಸಿಕೊಳ್ಳುತ್ತೇನೆ. ಬಳಗದ ಎಲ್ಲರೆದುರಿಗೆ ನೀವು, "ನಿನ್ನ ಕಾಲು ಎಟುಕಲ್ಲ, ಇಳಿಯೇ" ಎಂದಿರಿ. ಎಲ್ಲರೂ ನಕ್ಕರು, ನಾನೂ ನಕ್ಕು ಇಳಿದೆ. ಆಮೇಲೆ ಐದು ವರ್ಷ ಆ ಬಾಗಿಲನ್ನು ಮುಟ್ಟಿಲ್ಲ. ಹೆಂಡತಿಯ ಕಾಲು ಎಟುಕದಿದ್ದರೆ ಇಳಿ, ಇವಳ ಕಾಲು ಎಟುಕದಿದ್ದರೆ ಸೀಟೇ ಮುಂದಕ್ಕೆ. ನನಗೆ ಅರ್ಥವಾದದ್ದು ಹೀಗೆ, ಮೈಯೆಲ್ಲ ಹೊತ್ತಿ ಉರಿಯಿತು.

ಮುಂದಿನ ಭಾನುವಾರ ಅವಳು ಯಾವುದೋ ಹೊರಗಿನ ಕೆಲಸಕ್ಕೆ ಹೋಗಿದ್ದಳು. ಅವತ್ತೇ ನಾನು ಆ ಕೆಲಸ ಮಾಡಿದೆ. ನಿಮ್ಮ ಬಳಗದ ಕಟ್ಟಳೆ ನನಗೂ ಗೊತ್ತಲ್ಲ. ಗಾಡಿ ಯಾರದೋ ಅವರು ಹೇಳದೆ ಒಂದು ಸ್ಕ್ರೂ ಕೂಡ ತಿರುಗಿಸುವಂತಿಲ್ಲ, ಅವರು ಊರಲ್ಲಿಲ್ಲದಿದ್ದರೆ ಮನೆಯವರ ಮಾತೇ ಅವರ ಮಾತು. ಇವರ ಕಾಗದ ಬಂದಿದೆ, ಸೀಟನ್ನು ಹಿಂದಕ್ಕೆ ತಳ್ಳಿ ನೆಲಕ್ಕೇ ವೆಲ್ಡ್ ಮಾಡಬೇಕಂತೆ ಎಂದು ವೆಲ್ಡರಿಗೆ ಹೇಳಿದೆ. ಬೋಲ್ಟು ಹಾಕಿದರೆ ಸಾಕಲ್ಲವೇ ಎಂದು ಅವನು ತಲೆ ಕೆರೆದುಕೊಂಡ. ತಾತ ಕನ್ನಡಕ ಏರಿಸಿ ನನ್ನ ಮುಖವನ್ನೇ ನೋಡಿದರು. ವೆಲ್ಡೇ ಅಂದಿದ್ದಾರೆ ಎಂದೆ. ಕಿಡಿ ಹಾರುವುದನ್ನು ಬಾಗಿಲಲ್ಲಿ ನಿಂತು ನೋಡಿದಾಗ ನನ್ನ ಹೊಟ್ಟೆ ತಣ್ಣಗಾಯಿತು. ಇನ್ನು ಅದೆಷ್ಟು ಉದ್ದ ಕಾಲು ಚಾಚುತ್ತಾಳೋ ಚಾಚಲಿ ಎಂದುಕೊಂಡೆ. ಅದೇ ಧೈರ್ಯದಲ್ಲಿ ಒಳಗೆ ಬಂದು ನಿಮ್ಮ ಎರಡು ಪುಟಕ್ಕೆ ಆ ಒಂದು ಸಾಲು ಬರೆದು, ಮಾರನೇ ದಿನವೇ ಅಂಚೆ ಡಬ್ಬಿಗೆ ಹಾಕಿಬಂದೆ.

ಎರಡು ವಾರದ ಹೊರಗಿನ ಕೆಲಸ ಮುಗಿಸಿ ಇವತ್ತು ಬೆಳಿಗ್ಗೆ ಅವಳು ಬಂದಳು. ಗಾಡಿಯ ಬಾಗಿಲು ತೆಗೆದಳು. ಬಗ್ಗಿ ವೆಲ್ಡಿನ ಮೇಲೆ ಬೆರಳಾಡಿಸಿದಳು. ವೆಲ್ಡರು ನನ್ನ ಕಡೆ ಕೈ ತೋರಿಸಿದ. ನಾನು ಜಗಳಕ್ಕೆ ಸೆರಗು ಕಟ್ಟಿಯೇ ನಿಂತಿದ್ದೆ, ನಾಲಗೆಯ ತುದಿಯಲ್ಲಿ ಎಂಟು ತಿಂಗಳ ಮಾತು ಸಾಲುಗಟ್ಟಿ ಕಾಯುತ್ತಿತ್ತು. ಅವಳು ಜಗಳ ಆಡಲಿಲ್ಲ. ಕಣ್ಣು ತುಂಬಿಕೊಂಡು, "ಅತ್ತಿಗೆ, ಮಾತು ಕೊಟ್ಟಿದ್ದೀನಿ, ನಾನು ಹೇಳೋ ಹಾಗಿಲ್ಲ. ನಿಮ್ಮ ಹೊಲಿಗೆ ಮಿಷನ್ ಹತ್ರ ಹೋಗಿ ಒಂದ್ಸಲ ಅಳೆದು ನೋಡಿ" ಎಂದಳು.

ಅಳತೆ ಟೇಪು ಕೊರಳಲ್ಲೇ ಇತ್ತು. ಒಳಗೆ ಹೋದೆ. ನನ್ನ ಸ್ಟೂಲು ನಿಮಗೆ ಗೊತ್ತು, ಹನ್ನೆರಡು ವರ್ಷದಿಂದ ಒಂದೇ ಕಡೆ ಇದ್ದು ಅದರ ನಾಲ್ಕು ಕಾಲೂ ನೆಲದಲ್ಲಿ ಗುಳಿ ಮಾಡಿಕೊಂಡಿವೆ. ಟೇಪಿನ ಒಂದು ತುದಿಯನ್ನು ಸ್ಟೂಲಿನ ಅಂಚಿಗೆ ಹಿಡಿಯಿರಿ ಎಂದು ಅತ್ತೆಗೆ ಕೊಟ್ಟು, ಇನ್ನೊಂದನ್ನು ಮಿಷನ್ನಿನ ಪೆಡಲಿಗೆ ಎಳೆದೆ. ಹದಿನೇಳೂವರೆ. ಮತ್ತೆ ಎಳೆದೆ. ಅಷ್ಟೇ. ಅತ್ತೆ ತುದಿ ಹಿಡಿದುಕೊಂಡೇ, "ಇದನ್ನೇನು ಎಲ್ಲರೂ ಅಳೀತೀರಿ? ಅವನೂ ಹೊರಡೋ ಹಿಂದಿನ ದಿನ ಹೀಗೇ ನನ್ನ ಕೈಲಿ ಹಿಡಿಸಿದ್ದ. ನೀನು ನೂಲು ತರೋಕೆ ಹೋಗಿದ್ದೆ. ಯಾಕೋ ಅಂದ್ರೆ, ಅವತ್ತು ಅವಳನ್ನ ಇಳಿಸಿಬಿಟ್ಟೆ ಕಣಮ್ಮ ಅಂದ" ಎಂದರು. ಆ ಮಾತನ್ನು ನೀವು ಅತ್ತೆಗೆ ಹೇಳಿದ್ದೀರಿ. ಅವರು ಎಂಟು ತಿಂಗಳು ಅದನ್ನು ಮರೆತು ಕೂತಿದ್ದರು.

ನಾನು ಆ ಸ್ಟೂಲಿನ ಮೇಲೆಯೇ ಕೂತೆ. ಅಳು ಬಂತು, ಅತ್ತೆಯ ಮುಂದೆಯೇ. ಆ ಅಳತೆಗೆ ಸೀಟು ಕೂತರೆ ನೀವು ಬಂಗಾರಿಯನ್ನು ಓಡಿಸುವುದಕ್ಕೇ ಆಗುವುದಿಲ್ಲ. ಆರು ವರ್ಷ ಉಜ್ಜಿ ಒರೆಸಿದ ಗಾಡಿಯನ್ನು ಕೈಯಾರೆ ನನಗೆ ಬಿಟ್ಟುಕೊಟ್ಟಿದ್ದೀರಿ. ಅಂಥವರಿಗೆ ನಾನು ಬರಬೇಡಿ ಎಂದು ಬರೆದು ಕಳಿಸಿದ್ದೇನೆ.

ಹೊರಗೆ ಬಂದು ಮೂವರ ಮುಂದೆಯೂ ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡೆ. ತಾತ, ಅವತ್ತೇ ಅನುಮಾನ ಬಂದಿತ್ತು, ಕಟ್ಟಳೆ ಕಟ್ಟಳೆಯೇ ಎಂದು ಬಾಯಿ ಮುಚ್ಚಿಕೊಂಡೆ ಎಂದರು. ವೆಲ್ಡರು ಗ್ರೈಂಡರು ತಂದು ತನ್ನ ಕೆಲಸವನ್ನು ತಾನೇ ಕುಯ್ದ. ಇಷ್ಟು ಗಟ್ಟಿಯಾಗಿ ಯಾಕಾದರೂ ಮಾಡಿದೆನೋ ಎಂದು ತನ್ನನ್ನೇ ಬೈದುಕೊಳ್ಳುತ್ತಾ ಎರಡು ಗಂಟೆ ಕುಯ್ದ. ವೈರಿನವಳ ಕೈ ಹಿಡಿದು ತಪ್ಪಾಯಿತು ಎಂದೆ. "ನಮ್ಮನೆಯವ್ರು ಬೇರೆಯವಳಿಗೆ ಇಂಥ ಅಳತೆ ಬರೆದುಕೊಟ್ಟಿದ್ರೆ ನಾನು ಸೀಟಲ್ಲ ಅತ್ತಿಗೆ, ಅವರನ್ನೇ ವೆಲ್ಡ್ ಮಾಡಿಸ್ತಿದ್ದೆ" ಎಂದಳು. ಒಳ್ಳೆಯವಳು. ಆದರೂ ಒಂದು ಮಾತು ಹೇಳಿಬಿಡುತ್ತೇನೆ, ಹೊಟ್ಟೆಕಿಚ್ಚು ಪೂರ್ತಿ ಹೋಗಿಲ್ಲ. ನನಗೆ ಹೇಳಬೇಕಾದ ಮಾತನ್ನು ಅವಳಿಗೆ ಹೇಳಿದಿರಿ. ಹೇಳುವಾಗ ನಿಮ್ಮ ಮುಖ ಹೇಗಿತ್ತೋ ಅವಳು ನೋಡಿದ್ದಾಳೆ, ನಾನು ನೋಡಿಲ್ಲ. ಇನ್ನು ಮುಂದೆ ಗುಟ್ಟು ಇಟ್ಟರೆ ನನ್ನ ಹತ್ತಿರ ಇಡಿ, ನನ್ನಿಂದಲೇ ಮುಚ್ಚಿಡಬೇಕಾದ್ದಾದರೂ ಸರಿ.

ಸೀಟು ಈಗ ಅದರ ಜಾಗದಲ್ಲಿ ಬೋಲ್ಟಿನ ಮೇಲೆ ಕೂತಿದೆ. ಹೊದಿಕೆಯನ್ನು ನಾನೇ ಹೊಲಿದೆ. ಮಧ್ಯಾಹ್ನ ಹಿಂದಿನ ಬಯಲಿನಲ್ಲಿ ಆರು ಸುತ್ತು ಹಾಕಿದೆ, ಕ್ಲಚ್ಚು ಮಿಷನ್ನಿನ ಪೆಡಲಿನ ಹಾಗೆ ಕಾಲಿಗೆ ಸಿಕ್ಕಿತು. ತಾತ, ವೆಲ್ಡರು ನಮಸ್ಕಾರ ತಿಳಿಸಿದ್ದಾರೆ. ಅತ್ತೆ ಆಶೀರ್ವಾದ ತಿಳಿಸಿ, ಮಂಡಿಗೆ ಎಣ್ಣೆ ಹಚ್ಚಿಕೋ ಎಂದಿದ್ದಾರೆ. ವೈರಿನವಳ ನಮಸ್ಕಾರವನ್ನೂ ತಿಳಿಸಿದ್ದೇನೆ ಎಂದುಕೊಳ್ಳಿ.

ಇಂತಿ,
ನಿಮ್ಮ ಒಬ್ಬಳೇ ಹೆಂಡತಿ

ತಾ.ಕ.: ಸೋಮವಾರ ಬೆಳಿಗ್ಗೆ, ಅವಸರದಲ್ಲಿ. ಅಂಚೆ ಕಚೇರಿಗೆ ಹೋಗಿದ್ದೆ. ನಿಮ್ಮ ಕಡೆಯ ಚೀಲ ಬುಧವಾರ ಹೊರಟು ಶನಿವಾರ ಸೇರುತ್ತದಂತೆ, ಅಷ್ಟರಲ್ಲಿ ಮೂವತ್ತನೇ ತಾರೀಕು ದಾಟಿರುತ್ತದೆ. ಆದ್ದರಿಂದ ಇದನ್ನು ಅಂಚೆಗೆ ಹಾಕುತ್ತಿಲ್ಲ, ನಾನೇ ತರುತ್ತಿದ್ದೇನೆ. ಎರಡು ದಿನದ ದಾರಿಗೆ ಬಂಗಾರಿ ಸೈ ಎಂದು ತಾತ ಹೇಳಿದ್ದಾರೆ. ಎದುರಿಗೆ ನಿಂತರೆ ಇದರಲ್ಲಿ ಒಂದು ಮಾತೂ ನನ್ನ ಬಾಯಿಂದ ಬರುವುದಿಲ್ಲ, ಕಾಗದ ಕೈಗೆ ಕೊಟ್ಟು ದೂರ ನಿಂತಿರುತ್ತೇನೆ. ಓದಿ ಮುಗಿಸದೆ ಗಾಡಿಯ ಹತ್ತಿರ ಹೋಗಬೇಡಿ. ಇನ್ನೆರಡು ವರ್ಷ ನಿಮ್ಮನ್ನು ಬಿಟ್ಟಿರಲು ನನ್ನಿಂದ ಆಗುವುದಿಲ್ಲ. ಸಹಿ ಹಾಕಿದ್ದರೆ ಕಂಪನಿಯವರ ಮುಂದೆ ನಾನೇ ನಿಂತು ಬಿಡಿಸಿಕೊಳ್ಳುತ್ತೇನೆ, ಹಾಕಿಲ್ಲವಾದರೆ ಈಗಲೇ ಪೆಟ್ಟಿಗೆ ಕಟ್ಟಿ. ದಾರಿಗೆ ಜೊತೆಯಾಗಿ ವೈರಿನವಳು ಬರುತ್ತಿದ್ದಾಳೆ. ವಾಪಸು ಬರುವಾಗ ಅವಳು ಬಸ್ಸಿನಲ್ಲಿ ಬರುತ್ತಾಳೆ, ಅದನ್ನು ಆಗಲೇ ಮಾತಾಡಿಕೊಂಡಿದ್ದೇವೆ.