ಹದಿನೇಳನೇ ಬಾಟಲಿಯ ಚೀಟಿ

ಮಡಿಕಲ್, ಉಪ್ಪುಂದ
9 ಡಿಸೆಂಬರ್ 2025

ಪ್ರೀತಿಯ ದಿವ್ಯಾ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಈ ವಾರ ಮೂರು ಸಲ ಫೋನು ಮಾಡಿದೆ. ಮೂರು ಸಲವೂ ನಿನ್ನ ದನಿ ಕೇಳಿದ ಕೂಡಲೇ ಬಂಗುಡೆ ರೇಟಿನ ಸುದ್ದಿ ತೆಗೆದು ಇಟ್ಟುಬಿಟ್ಟೆ. "ಎಂತ ಕುಸುಮ, ನಂಗೂ ಮೀನ್ ಮಾರ್ತ್ಯಾ?" ಎಂದು ನಕ್ಕೆ ನೀನು. ಅದಕ್ಕೇ ಈ ಕಾಗದ. ಇದರಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ, ನಾನು ಮಾತು ಹಾರಿಸುವ ಹಾಗಿಲ್ಲ.

ನಮ್ಮವರು ಆಸ್ಪತ್ರೆಯಿಂದ ಬಂದು ಹನ್ನೆರಡು ದಿನವಾಯಿತು. ಗಾಯ ಒಣಗುತ್ತಾ ಬಂದಿದೆ. ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ ಎನ್ನುವುದು ಅವರಿಗೇ ಒಮ್ಮೊಮ್ಮೆ ಮರೆತುಹೋಗುತ್ತದೆ, ಮಂಚದಿಂದ ಇಳಿಯಲು ಹೊರಡುತ್ತಾರೆ. ತೊರಕೆ ಮೀನಿನ ಬಾಲದ ಮುಳ್ಳು ಚುಚ್ಚುವುದು ನಮ್ಮಲ್ಲಿ ಹೊಸದಲ್ಲ. ನಾಲ್ಕು ದಿನ ನೋವು ತಿಂದು ಮತ್ತೆ ದೋಣಿ ಹತ್ತುವವರು ನಾವು. ಈ ಸಲ ಮಾತ್ರ ಆ ಗಾಯಕ್ಕೆ ಯಾವ ಮದ್ದಿಗೂ ಬಗ್ಗದ ಕ್ರಿಮಿ ಹೊಕ್ಕಿತು. ಡಾಕ್ಟರು ಅದರ ಹೆಸರು ಹೇಳಿದಾಗ ಇನ್ನೊಮ್ಮೆ ಹೇಳಿ ಎಂದೆ. ಅದೇ ಹೆಸರನ್ನು ಹದಿಮೂರು ವರ್ಷದ ಹಿಂದೆ ನೀನು ನಮ್ಮ ಅಂಗಳದಲ್ಲಿ ಕುಣಿಯುತ್ತಾ ಹೇಳಿದ್ದೆ. "ಹದಿನೇಳ್ನೇ ಬಾಟ್ಲಿ ಆ ಕ್ರಿಮಿನ ಕೊಂದ್ತ್ ಮಾರಾಯ್ತಿ!"

ಆ ಬಾಟಲಿಗಳನ್ನು ನೀನು ತಂದ ದಿನ ನೆನಪಿದೆ. ಐಸ್ ಪೆಟ್ಟಿಗೆಯ ತುಂಬ ಸ್ಪಿರಿಟ್ಟಿನ ಬಾಟಲಿ. ಬಲೆಗೆ ಸಿಕ್ಕಿ ನಾವು ಕಿತ್ತೆಸೆಯುವ ಸ್ಪಂಜು, ಪಾಚಿ, ಹುಳ ಎಲ್ಲ ನಿನಗೆ ಬೇಕಾಗಿತ್ತು. ಅದರ ಸಾರ ತೆಗೆದು ಲ್ಯಾಬಿನಲ್ಲಿ ರೋಗದ ಕ್ರಿಮಿಗಳ ಮೇಲೆ ಹಾಕಿ ನೋಡುತ್ತೇವೆ, ಮದ್ದು ಹುಡುಕುವುದು ಹೀಗೇ ಎಂದೆ ನೀನು. ಕುಂದಾಪುರದ ಕಾಲೇಜಿನಲ್ಲಿ ನಿನ್ನ ರೆಕಾರ್ಡ್ ಪುಸ್ತಕಗಳಿಗೆಲ್ಲ ಹೆಸರು ಬರೆದುಕೊಟ್ಟವಳು ನಾನು, ಅಕ್ಷರ ಚೆಂದ ಎಂದು. ಹಾಗಾಗಿ ಬಾಟಲಿಯ ಚೀಟಿ ಬರೆಯುವ ಕೆಲಸವೂ ನನ್ನ ಪಾಲಿಗೇ ಬಂತು. ದಿನಾಂಕ, ಆಳ, ಜಾಗ, ಇಷ್ಟೇ. ಜಾಗ ತಪ್ಪಬಾರದು ಎಂದು ನೀನು ಎರಡೆರಡು ಸಲ ಹೇಳಿದ್ದೆ.

ಹದಿನೇಳನೆಯದರಲ್ಲಿ ಅಂಗೈಯಷ್ಟು ಹಳದಿ ಸ್ಪಂಜಿತ್ತು. ಚೀಟಿಯಲ್ಲಿ ಬರೆದದ್ದು, ಗಂಗೊಳ್ಳಿ ಅಳಿವೆಯ ಎದುರು, ಒಂಬತ್ತು ಮಾರು ಆಳ.

ಅದು ಸುಳ್ಳು ದಿವ್ಯಾ. ಆ ಸ್ಪಂಜು ಸಿಕ್ಕಿದ್ದು ಬೈಂದೂರಿನ ಎದುರು, ನನ್ನ ಅಪ್ಪನ ಕಲ್ಲಿನ ಮೇಲೆ.

ಅಪ್ಪನ ಕಲ್ಲು ಎಂದರೆ ನಿನಗೆ ಗೊತ್ತಿಲ್ಲ. ನೀರಿನೊಳಗಿನ ಒಂದು ಬಂಡೆ, ಮುರು ಮೀನು ಕೂರುವ ಜಾಗ. ಅಪ್ಪ ಒಬ್ಬರೇ ಕಂಡುಕೊಂಡದ್ದು. ಒಳ್ಳೆಯ ಜಾಗವನ್ನು ನಾವು ಯಾರಿಗೂ ಹೇಳುವುದಿಲ್ಲ. ದಡದಲ್ಲಿ ಕೇಳಿದರೆ ಉತ್ತರಕ್ಕೆ ಹೋದವರು ತೆಂಕು ಎನ್ನುತ್ತೇವೆ, ಕೇಳಿದವರೂ ನಗುತ್ತಾ ಹೋಗುತ್ತಾರೆ. ಹದಿನೇಳನೇ ಚೀಟಿ ಬರೆದ ಸಂಜೆಯೂ ಹಾಗೇ ಆಯಿತು. ಚೀಟಿಯಲ್ಲಿ ಸರಿಯಾದ ಜಾಗ ಬರೆಯಬೇಡ ಎಂದು ನಮ್ಮವರು ಹೇಳಿದರು. ನಾನು ಬಾಯಿ ಮುಚ್ಚಿಕೊಂಡು ಗಂಗೊಳ್ಳಿ ಎಂದು ಬರೆದೆ. ಅದರಿಂದ ಎಂತ ಆಗುತ್ತದೆ ಎಂದು ನಮಗೇನು ಗೊತ್ತಿತ್ತು?

ಆಮೇಲೆ ಗೊತ್ತಾಯಿತು. ಅಂಗೈಯಷ್ಟು ಸ್ಪಂಜು ಪರೀಕ್ಷೆಗೇ ಮುಗಿದು, ಇನ್ನೂ ಕಿಲೋಗಟ್ಟಲೆ ಬೇಕೆಂದು ನೀನು ಮುಳುಗು ಹಾಕುವವರನ್ನು ಕರೆದುಕೊಂಡು ಬಂದೆ. ಎರಡು ಚಳಿಗಾಲ ಗಂಗೊಳ್ಳಿಯ ಎದುರು ಹುಡುಕಿದೆ. ಹಳದಿ ಸ್ಪಂಜು ಬೇಕಾದಷ್ಟು ಸಿಕ್ಕಿತು, ಆ ಗುಣ ಯಾವುದರಲ್ಲೂ ಇರಲಿಲ್ಲ. ಗುಣ ಸ್ಪಂಜಿನದ್ದಲ್ಲ, ಅದರೊಳಗೆ ಮನೆ ಮಾಡಿದ ಯಾವುದೋ ಸಣ್ಣ ಜೀವಿಯದ್ದು, ಅದು ಎಲ್ಲ ಕಡೆ ಇರುವುದಿಲ್ಲ ಎಂದು ನೀನೇ ವಿವರಿಸಿದೆ. ಕೋಟದ ಗದ್ದೆಬಯಲಿನ ಹುಡುಗಿ ನೀನು, ದೋಣಿಯಲ್ಲಿ ವಾಂತಿ ಮಾಡಿ ಮಾಡಿ ಮುಖ ಬಿಳಿಚಿರುತ್ತಿತ್ತು. ಆ ದಿನಗಳಲ್ಲಿ ಬೆಳಿಗ್ಗೆ ಎದ್ದು ನಿನಗೆ ಗಂಜಿ, ಚಟ್ನಿ ಕಟ್ಟಿ ಕೊಟ್ಟವಳು ನಾನು. ಬುತ್ತಿ ಕಟ್ಟಿ ನಿನ್ನನ್ನು ಇಲ್ಲದ ಜಾಗಕ್ಕೆ ಕಳಿಸುತ್ತಿದ್ದೆ. ಒಂದು ದಿನವಾದರೂ ಬಾಯಿ ಬಿಡಬಹುದಿತ್ತು. ಮೊದಲ ದಿನ ನಾಚಿಕೆಯಾಯಿತು, ಆಮೇಲೆ ಹೆದರಿಕೆಯಾಯಿತು.

ಕೊನೆಗೆ ನಿನ್ನ ಲ್ಯಾಬು ಆ ಕೆಲಸ ನಿಲ್ಲಿಸಿತು. ನೀನು ಬೇರೆಯವರ ಮಾತ್ರೆಗಳ ಗುಣಮಟ್ಟ ನೋಡುವ ಕೆಲಸಕ್ಕೆ ಸೇರಿದೆ.

ಆಸ್ಪತ್ರೆಗೆ ಬಂದ ದಿನ ನನ್ನ ಕೈ ಹಿಡಿದು ನೀನು ಅತ್ತದ್ದು ನನಗೆ ತಡೆಯಲಾಗಲಿಲ್ಲ. "ನಾನೇ ಸಮಾ ಹುಡುಕ್ಲಿಲ್ಲ ಕುಸುಮ" ಎಂದೆ. ಆಮೇಲೆ ನೀನೇ ಸಮಾಧಾನ ಹೇಳಿದೆ. ಸಾವಿರದಲ್ಲಿ ಒಂದು ಸಾರ ಕೆಲಸ ಮಾಡುತ್ತದೆ, ಅದೂ ಹೆಚ್ಚಾಗಿ ಇಲಿಗಳ ಹತ್ತಿರ ಸೋಲುತ್ತದೆ, ಅಲ್ಲಿ ಗೆದ್ದರೆ ಮನುಷ್ಯರ ಹತ್ತಿರ. ಎಲ್ಲ ಸರಿಹೋದರೂ ಮದ್ದು ಅಂಗಡಿಗೆ ಬರಲು ಹತ್ತು ಹನ್ನೆರಡು ವರ್ಷ ಬೇಕು ಎಂದೆ. ನೀನು ಹೋದ ಮೇಲೆ ವಾರ್ಡಿನ ಹೊರಗೆ ಕೂತು ಬೆರಳು ಮಡಿಸಿ ಎಣಿಸಿದೆ. ಹದಿಮೂರು ವರ್ಷ ಆಗಿತ್ತು.

ಈಗ ಸರಿಯಾದ ಚೀಟಿ ಬರೆಯುತ್ತೇನೆ. ಬೈಂದೂರಿನ ಎದುರು, ಹದಿನಾಲ್ಕು ಮಾರು ಆಳ. ಮಂಜಿಲ್ಲದ ಬೆಳಿಗ್ಗೆ ಕೊಡಚಾದ್ರಿಯ ತುದಿ ಒತ್ತಿನೆಣೆ ಗುಡ್ಡದ ತೆಂಕಣ ಇಳಿಜಾರಿನ ಮೇಲೆ ಕೂತ ಹಾಗೆ ದೋಣಿಯಿಂದ ಕಾಣಬೇಕು. ಅಲ್ಲಿಂದ ಸೋಮೇಶ್ವರದ ಬಂಡೆಗಳು ಒಂದರ ಹಿಂದೆ ಒಂದು ಮರೆಯಾಗುವವರೆಗೆ ಹೋಗಬೇಕು. ಎಳೆಬಲೆಯ ದೊಡ್ಡ ಬೋಟುಗಳು ನಾಲ್ಕು ವರ್ಷದಿಂದ ಅಲ್ಲಿ ತಳ ಕೆರೆಯುತ್ತಿವೆ, ಕಲ್ಲಿನ ಮೇಲೆ ಎಂತ ಉಳಿದಿದೆಯೋ ಹೇಳಲಾರೆ. ನೀನು ಬರುವುದಾದರೆ ದೋಣಿ ನಾನು ಗೊತ್ತು ಮಾಡುತ್ತೇನೆ, ಜೊತೆಗೆ ನಾನೂ ಬರುತ್ತೇನೆ. ಬರುವುದಿಲ್ಲ, ನಿನ್ನ ಮುಖ ನೋಡುವುದಿಲ್ಲ ಎಂದರೂ ನನಗೆ ಅರ್ಥವಾಗುತ್ತದೆ.

ನಿನ್ನ ಬೆಂಚಿನವಳು,
ಕುಸುಮ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಮೇಲೆ ನಮ್ಮವರ ತಲೆಗೆ ಕಟ್ಟಿದ್ದು ಸುಳ್ಳು. ಆ ಸಂಜೆ ಅವರು ಹೇಳಿದ್ದು, "ಅವ್ಳೆಂತ ಮೀನ್ ಹಿಡುಕೆ ಬತ್ಲಾ? ಸಮಾ ಜಾಗ ಬರಿ" ಎಂದು. ಗಂಡುಮಕ್ಕಳಿಲ್ಲದ ಅಪ್ಪ ಮದುವೆಯ ದಿನ ನನ್ನ ಕಿವಿಯಲ್ಲಿ ಹೇಳಿಕೊಟ್ಟ ಕಲ್ಲು ಅದು. ನಿನಗೆ ಓದು ಇತ್ತು, ಲ್ಯಾಬು ಇತ್ತು. ನನ್ನದೆಂದು ಇದ್ದದ್ದು ಅದೊಂದೇ, ಅದನ್ನೂ ನಿನಗೆ ಕೊಡಲು ಹೊಟ್ಟೆಕಿಚ್ಚಾಯಿತು. ನೀನು ಹುಡುಕಿದ ಎರಡು ಚಳಿಗಾಲವೂ ಅವರು ದೂರದ ಬಂದರಿನಲ್ಲಿ ಬೋಟಿಗೆ ಹೋಗಿದ್ದರು; ನಾನು ಸರಿಯಾಗಿಯೇ ಬರೆದೆನೆಂದು ಈಗಲೂ ನಂಬಿದ್ದಾರೆ. ನಿನ್ನೆ ಗಾಯದ ಬಟ್ಟೆ ಬದಲಿಸುವಾಗ ಕೇಳಿದರು, "ದಿವ್ಯಾನ ಹತ್ರ ಒಂದ್ ಸಲ ಕೇಣ್. ನಮ್ ಕಲ್ಲಿನ ಮದ್ದ್ ಇನ್ನೂ ಆಯ್ಲಿಲ್ಯಾ?"