ಒಂದೇ ಕ್ರೀಮು, ಎರಡು ಚೀಟಿ

ಜೂನ್ ೧೮

ನನ್ನ ಪುಟ್ಟ ಬಾಣಂತಿಗೆ,

ಅಮ್ಮನ ಆಶೀರ್ವಾದ. ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ವಿಷಯ ಪೂರ್ತಿ ತಿಳಿದುಕೊಂಡೇ ಬರೆಯೋಣವೆಂದು ಕಾದೆ. ಫೋನಿನಲ್ಲಿ ಮಾತಾಡಿದರೆ ಇಬ್ಬರೂ ಅಳುತ್ತೇವೆ, ಅದಕ್ಕೇ ಕಾಗದ. ಕೂಸಿನ ಕೆನ್ನೆಯ ಗುಳ್ಳೆ ಇಳಿದಿದೆ, ಡಾಕ್ಟರ ಮುಲಾಮು ನಾಟಿದೆ ಎಂದು ಅಳಿಯಂದಿರು ಹೇಳಿದ ದಿನ ನನಗೆ ಊಟ ಸೇರಿತು. ಮೂಗು ಮಾತ್ರ ನನ್ನದೇ ಬಂದಿದೆಯಂತೆ. ಪಾಪ, ಅದಕ್ಕೆ ಮುಲಾಮಿಲ್ಲ.

ನಾನು ಕಳಿಸಿದ ಕ್ರೀಮು ಹಚ್ಚಿದ ಮೇಲೆ ಗುಳ್ಳೆ ಎದ್ದಿತೆಂದು ಬರೆದು, "ಆ ಡಬ್ಬೀಲಿ ಏನಿತ್ತಮ್ಮ?" ಎಂದು ನೀನು ಕೇಳಿದ್ದೆ. ಇಪ್ಪತ್ತೆರಡು ವರ್ಷ ಆ ಕ್ರೀಮಿನ ಕಾರ್ಖಾನೆಯಲ್ಲೇ ಡಬ್ಬಿಗಳಿಗೆ ಚೀಟಿ ಅಂಟಿಸಿದ ನಾನು ಒಂದು ದಿನವೂ ಅದರ ಸಣ್ಣಕ್ಷರ ಓದಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಚೀಟಿಯ ಮೇಲೆ ನಗುವ ಮಗು ಇತ್ತು, 'ಎಳೆಯ ಚರ್ಮಕ್ಕೆ' ಎಂದಿತ್ತು. ಹೆಮ್ಮೆಯಿಂದ ಮೊಮ್ಮಗಳಿಗೆ ಕಳಿಸಿದೆ.

ನಿನ್ನ ಕಾಗದ ಓದಿದ ಮರುದಿನ ಅಂಥದೇ ಡಬ್ಬಿ ಹಿಡಿದು ನಮ್ಮ ಕಾರ್ಖಾನೆಯ ಲ್ಯಾಬ್ ಮೇಡಂ ಹತ್ತಿರ ಹೋದೆ. "ಇಲ್ಲಿ ಸುಗಂಧ ಅಂತ ಒಂದೇ ಪದ ಇದೆ ನೋಡಿ ಅಕ್ಕ. ಅದರೊಳಗೆ ಇಪ್ಪತ್ತು ಮೂವತ್ತು ಸಾಮಾನು ಸೇರಿರಬಹುದು. ದೊಡ್ಡವರಲ್ಲೇ ಕೆಲವರಿಗೆ ಆಗೋದಿಲ್ಲ. ಕೂಸಿನ ಚರ್ಮ ಇನ್ನೂ ತೆಳು, ಹಚ್ಚಿದ್ದು ಬೇಗ ಒಳಗಿಳಿಯುತ್ತೆ" ಎಂದರು. ಆಮೇಲೆ ದನಿ ತಗ್ಗಿಸಿದರು. "ಇದು ದೊಡ್ಡವರ ಕ್ರೀಮೇ. ಚೀಟಿ ಮಾತ್ರ ಬೇರೆ. ಬೇಡ ಅಂತ ಎರಡು ಸಲ ಬರೆದುಕೊಟ್ಟೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ."

ಅಂದು ಮಗುವಿನ ಚೀಟಿಗಳ ಸುರುಳಿ ಮೇಜಿಗೆ ಬಂದಾಗ ನಾನು ಅಂಟಿಸಲಿಲ್ಲ. ಮ್ಯಾನೇಜರು ಬಂದು, "ಏನಮ್ಮಾ, ಮುಷ್ಕರಾನಾ?" ಎಂದು ನಕ್ಕರು. ಅವರ ಮುಂದೆ ನನ್ನ ಬಾಯಿಗೆ ಯಾವಾಗಲೂ ಬೀಗ, ನಿನಗೇ ಗೊತ್ತು. ಆದರೂ ಕೂಸಿನ ಕೆನ್ನೆಯ ಫೋಟೊ ತೋರಿಸಿ, "ನಿಮ್ಮನೇಲೂ ಕೂಸಿದೆಯಲ್ಲ ಸಾರ್, ಅದಕ್ಕೆ ಇದನ್ನ ಹಚ್ತೀರಾ?" ಎಂದೆ. ಅವರು ಫೋಟೊ ನೋಡಿ ಹೊರಟುಹೋದರು. ಪಕ್ಕದ ಮೇಜಿನವರಿಬ್ಬರೂ ಕೈಕಟ್ಟಿ ಕೂತರು. ಮೇಡಂ ತಮ್ಮ ಹಳೆಯ ಬರಹವನ್ನು ನೇರ ಮಾಲೀಕರ ಮುಂದಿಟ್ಟರು.

ನಾಲ್ಕನೆಯ ದಿನ ಆ ಚೀಟಿ ನಿಂತಿತು. ಅಂಗಡಿಗಳಿಗೆ ಹೋದ ಡಬ್ಬಿಗಳನ್ನು ವಾಪಸ್ ತರಿಸುತ್ತಿದ್ದಾರೆ. ನನ್ನನ್ನು ಪಾತ್ರೆ ತೊಳೆಯುವ ವಿಭಾಗಕ್ಕೆ ಹಾಕಿದ್ದಾರೆ. ಸೊಂಟ ಹಿಡಿದುಕೊಂಡಿದೆ, ಮನಸ್ಸು ಹಗುರ.

ಡಾಕ್ಟರು ಹೇಳಿದ್ದು ಬಿಟ್ಟು ಕೂಸಿಗೆ ಬೇರೇನೂ ಹಚ್ಚಬೇಡ, ಅಜ್ಜಿ ಕಳಿಸಿದ್ದಾದರೂ ಸರಿ. ಅದು ಮಲಗಿದಾಗ ನೀನೂ ಮಲಗು. ಒಗೆಯುವ ಬಟ್ಟೆ ಎಲ್ಲಿಗೂ ಓಡಿಹೋಗುವುದಿಲ್ಲ. ತಾಯಿ ಮಗು ಇಬ್ಬರೂ ತಣ್ಣಗಿರಿ.

ನಿನ್ನ
ಅಮ್ಮ

ತಾ.ಕ.: 'ಸದ್ಯಕ್ಕೆ ನೀನು ಬರಬೇಡಮ್ಮ, ಮಗುವನ್ನು ಮುಟ್ಟೋದು ಬೇಡ' ಎಂದು ನಿನ್ನ ಕಾಗದದಲ್ಲಿ ಬರೆದಿದ್ದೆ. ಹೆತ್ತವಳು ಬರೆಯಬೇಕಾದ್ದೇ ಬರೆದಿದ್ದೀಯ, ನನಗೆ ಕೋಪವಿಲ್ಲ. ಆ ಕ್ರೀಮಿನ ಪರಿಮಳ ನನ್ನ ಕೈಗೆ ಹತ್ತಿಬಿಟ್ಟಿತ್ತು. ಚಿಕ್ಕಂದಿನಲ್ಲಿ ನೀನು ಅದನ್ನೇ 'ಅಮ್ಮನ ವಾಸನೆ' ಎನ್ನುತ್ತಿದ್ದೆ. ಈಗ ದಿನಾ ಉಜ್ಜಿ ಉಜ್ಜಿ ತೊಳೆಯುತ್ತಿದ್ದೇನೆ. ನಿನ್ನೆ ಎದುರು ಮನೆಯಾಕೆಗೆ ಮೂಸಿ ನೋಡಲು ಹೇಳಿದೆ. "ಏನೂ ವಾಸನೆ ಇಲ್ಲ ಕಣ್ರೀ" ಎಂದಳು. ಬರಲೇನೇ? ಎತ್ತಿಕೊಳ್ಳುವುದಿಲ್ಲ. ಬಾಗಿಲಲ್ಲಿ ನಿಂತು ನೋಡಿಕೊಂಡು ಬರುತ್ತೇನೆ.