ಮಗಳ ಹಡಗಿಗೆ ಇಬ್ಬರು ಪ್ರಯಾಣಿಕರು

ಬುಧವಾರ, ಫೆಬ್ರವರಿ ೧೧

ನನ್ನ ಮುದ್ದು ಪುಟ್ಟೀ,

ನಾವಿಬ್ಬರೂ ಕ್ಷೇಮ. ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಪ್ರಯಾಣಕ್ಕೆಂದು ಲಸಿಕೆ ಹಾಕಿಸಿಕೊಂಡ ತೋಳು ಊದಿಕೊಂಡು ಪೆನ್ನು ಹಿಡಿಯಲಾಗಲಿಲ್ಲ. "ಬಲಗೈಗೇ ಚುಚ್ಚಿಸ್ಕೊಂಡ್ರಾ? ಸದ್ಯ, ನಿಮ್ಮ ದೂರಿನ ಕಾಗದ ಓದೋ ಪೇಪರ್‌ನೋರಿಗೆ ಒಂದು ವಾರ ರಜ ಸಿಕ್ತು" ಎಂದಳು ನಿನ್ನಮ್ಮ.

ತಯಾರಿ ಜೋರಾಗಿದೆ. ನೀನು ಹೇಳಿದ ಹಾಗೆ ಮಾತ್ರೆಗಳನ್ನೆಲ್ಲ ಡಾಕ್ಟರ ಚೀಟಿಯ ಸಮೇತ ಕೈಚೀಲದಲ್ಲೇ ಇಟ್ಟಿದ್ದೇವೆ. ಜಾರದ ಬೂಟು ಕೊಂಡು, ಅಡುಗೆಮನೆಯ ಒದ್ದೆ ನೆಲದ ಮೇಲೆ ನಡೆದು ಪರೀಕ್ಷಿಸಿದೆ. ಊಟಕ್ಕೆ ಮೊದಲು ಕೈ ತೊಳೆಯುವುದನ್ನು ಅಮ್ಮ ಈ ವಯಸ್ಸಿನಲ್ಲಿ ನನಗೆ ಹೊಸದಾಗಿ ಕಲಿಸುತ್ತಿದ್ದಾಳೆ. ಡಾಕ್ಟರು ಎದೆ, ರಕ್ತದೊತ್ತಡ ಎಲ್ಲ ನೋಡಿ, "ಹೋಗ್ಬನ್ನಿ ಯಜಮಾನ್ರೇ, ಸಮುದ್ರದಿಂದ ನಿಮಗೇನೂ ಅಪಾಯ ಇಲ್ಲ. ಅಲ್ಲಿ ಪೇಪರ್ ಮಾತ್ರ ಓದ್ಬೇಡಿ" ಅಂದರು. ನಾನು ಬಿಡುತ್ತೇನೆಯೇ? "ಆ ಹಡಗಿನ ಸುರಕ್ಷತೆ ನೋಡ್ಕೊಳ್ಳೋ ಅಧಿಕಾರಿ ನನ್ನ ಮಗಳು" ಅಂದೆ. ಹೊರಗೆ ಕಾದಿದ್ದ ರೋಗಿಗಳಿಗೂ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಅಂದೆ.

ಪುಟ್ಟೀ, ದೇಶ ನೋಡುವ ಹಂಬಲ ನನಗಿಲ್ಲ. ಮೊದಲ ದಿನ ಪ್ರಯಾಣಿಕರನ್ನೆಲ್ಲ ಡೆಕ್ಕಿನ ಮೇಲೆ ಸೇರಿಸಿ, ಲೈಫ್ ಜಾಕೆಟ್ ಹೇಗೆ ಕಟ್ಟಿಕೊಳ್ಳಬೇಕೆಂದು ನೀನು ತೋರಿಸುತ್ತೀಯಲ್ಲ, ಅದನ್ನೊಂದು ನೋಡಬೇಕು. ನೀನು ಹುಟ್ಟುವ ಮೊದಲು ನಮ್ಮ ನದಿಯಲ್ಲಿ ಜನ ತುಂಬಿದ್ದ ಲಾಂಚ್ ಮಗುಚಿ ಎಷ್ಟೋ ಮಂದಿ ಮುಳುಗಿದರು. ಜಾಕೆಟ್‌ಗಳಿದ್ದವು, ಬೀರುವಿನಲ್ಲಿ. ಬೀರುವಿಗೆ ಬೀಗ. ಬೀಗದ ಕೈ ದಡದ ಕಚೇರಿಯಲ್ಲಿ! ತನಿಖೆ ಮಾಡಿದ ಮಹಾನುಭಾವರು ತಪ್ಪೆಲ್ಲ ಗಾಳಿಯದೆಂದು ಬರೆದು ಕೈ ತೊಳೆದುಕೊಂಡರು. ಊರು ಮರೆಯಿತು, ನಾನು ಮರೆಯಲಿಲ್ಲ. ಪತ್ರಿಕೆಗಳಿಗೆ ಬರೆದೆ, ಬರೆಯುತ್ತಲೇ ಇದ್ದೆ. 'ದೂರುಪೆಟ್ಟಿಗೆ' ಎಂಬ ಬಿರುದು ಸಿಕ್ಕಿತೇ ಹೊರತು ಆ ಬೀಗ ತೆಗೆದವರಿಲ್ಲ. ಈಗ ನನ್ನ ಮಗಳ ಒಂದು ಮಾತಿಗೆ ಎರಡು ಸಾವಿರ ಜನ ಎದ್ದು ನಿಲ್ಲುತ್ತಾರೆ. ನಾನು ಕಾಗದದ ಮೇಲೆ ಕಿರುಚಿದ್ದನ್ನು ನೀನು ಮೆಲುದನಿಯಲ್ಲೇ ಮಾಡಿಸುತ್ತೀಯೆ. ಇದಕ್ಕೆ ಹೆಮ್ಮೆಪಡದೆ ಇನ್ನಾವುದಕ್ಕೆ ಪಡಲಿ?

ಸಮುದ್ರ ನಿನ್ನ ಮಾತು ಕೇಳಲಿ, ಇಳಿದ ಬಂದರಿನಲ್ಲೆಲ್ಲ ಕಣ್ತುಂಬ ನಿದ್ದೆ ಬರಲಿ.

ನಿನ್ನ
ಅಪ್ಪ

ಮರೆತಿದ್ದೆ: ಅಮ್ಮನ ಫೋನಿನ ದನಿ ಬಲು ಜೋರು, ಮೊನ್ನೆ ನೀನು ಹೇಳಿದ್ದು ನನಗೂ ಕೇಳಿಸಿತು. "ನಾನು ಮಗಳು ಅಂತ ಅಪ್ಪ ಹಡಗಲ್ಲಿ ಯಾರ ಹತ್ರಾನೂ ಹೇಳೋದು ಬೇಡಮ್ಮ. ನಾನು ಕಳಿಸಿದ ಫೋಟೋ ನೋಡಿ, ಬೆಂಕಿ ಆರಿಸೋ ಸಿಲಿಂಡರ್ ಹಳೇದಾಗಿದೆ ಅಂತ ಕಂಪನಿಗೆ ಬರೆದಿದ್ರಲ್ಲ, ಇಲ್ಲಿನೋರು ಇನ್ನೂ ಆಡ್ಕೊಂಡು ನಗ್ತಾರೆ." ಹಳೆಯದಾಗಿದ್ದದ್ದು ನಿಜ ತಾನೇ? ಇರಲಿ. ಅದು ನೀನು ದುಡಿಯುವ ಜಾಗ, ನಿನ್ನ ಮಾತೇ ನಡೆಯಲಿ. ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲುತ್ತೇನೆ, ಎಲ್ಲರ ಹಾಗೆ 'ಮೇಡಂ' ಅನ್ನುತ್ತೇನೆ. ಆದರೆ ಊಟದ ಮೇಜಿನಲ್ಲಿ ಯಾರಾದರೂ ಮಕ್ಕಳೆಷ್ಟು ಎಂದು ಕೇಳಿದರೆ, ಇಲ್ಲವೆನ್ನಲು ನನಗೆ ಬಾಯಿ ಬರುವುದಿಲ್ಲ. "ಒಬ್ಬಳಿದ್ದಾಳೆ, ಡ್ಯೂಟಿ ಮೇಲಿದ್ದಾಳೆ" ಎನ್ನುತ್ತೇನೆ. ಅಷ್ಟಕ್ಕೆ ಅಪ್ಪಣೆ ಕೊಡು.